ಹಿತ್ತಿಲ ಹುಂಜ, ನೆರೆಮನೆಯ ನಿದ್ದೆ

ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಕೋಳಿ ಸಾಕಣೆಯ ಬಗೆಗಿನವೇ ಹೆಚ್ಚಾಗಿದ್ದವು. ಹಾಸನದಿಂದ ಬಂದ ಪತ್ರದಲ್ಲಿ ಹುಂಜದ ಮನೆಯವರ ಅಳಲಿತ್ತು, ಚಿಕ್ಕಮಗಳೂರಿನಿಂದ ಬಂದದ್ದರಲ್ಲಿ ಹುಂಜದ ಪಕ್ಕದ ಮನೆಯವರ ಅಳಲಿತ್ತು. ಆದ್ದರಿಂದ ಬೇರೆ ವಿಷಯಗಳನ್ನು ಮುಂದಿನ ಸಂಚಿಕೆಗೆ ಉಳಿಸಿಕೊಂಡು ಇವಕ್ಕೇ ಉತ್ತರಿಸಿದ್ದೇವೆ.

ಪ್ರಶ್ನೆ: ಹಾಸನದ ಬಡಾವಣೆಯೊಂದರಲ್ಲಿ ನಮ್ಮದು 30x40 ಸೈಟಿನ ಮನೆ. ಹಿಂಬದಿಯಲ್ಲಿ ಉಳಿದ ಜಾಗದಲ್ಲಿ ಆರು ಹೇಂಟೆ, ಎರಡು ಹುಂಜ ಸಾಕಿದ್ದೇವೆ. ದೊಡ್ಡ ಹುಂಜ ಬೆಳಗಿನ ಜಾವ ನಾಲ್ಕಕ್ಕೇ ಕೂಗಲು ಶುರುಮಾಡುತ್ತದೆ, ಅದು ಕೂಗಿದ ಮರುಕ್ಷಣ ಚಿಕ್ಕದೂ ಕೂಗುತ್ತದೆ. ಪಕ್ಕದ ಮನೆಯ ಹುಡುಗಿ ಈ ವರ್ಷ ಎಸ್ಸೆಸ್ಸೆಲ್ಸಿ. ಅವರ ತಾಯಿ ಎರಡು ಸಲ ಬಂದು ಹೇಳಿ ಹೋಗಿದ್ದಾರೆ. ನಮ್ಮ ಅತ್ತೆಯವರು ದೊಡ್ಡ ಹುಂಜವನ್ನು ಯುಗಾದಿಯ ಹೊಸತೊಡಕಿಗೆಂದು ಬಿಟ್ಟಿದ್ದಾರೆ, ಅಲ್ಲಿಯವರೆಗೆ ಯಾರಿಗೂ ಕೊಡಕೂಡದು ಎನ್ನುತ್ತಾರೆ. ಹುಂಜವಿಲ್ಲದಿದ್ದರೆ ಮೊಟ್ಟೆಯೂ ಬರುವುದಿಲ್ಲ ಎಂಬುದು ಅವರ ಇನ್ನೊಂದು ವಾದ. ಕೂಗದಂತೆ ಕೊರಳಿಗೆ ಕಟ್ಟುವ ಪಟ್ಟಿ ಸಿಗುತ್ತದೆಂದು ಮೊಬೈಲಿನಲ್ಲಿ ನೋಡಿದೆ. ಕಟ್ಟಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಮೊಟ್ಟೆಯ ವಾದವನ್ನು ಮೊದಲು ಎತ್ತಿಕೊಳ್ಳೋಣ, ಏಕೆಂದರೆ ನಿಮ್ಮ ತೊಂದರೆಯ ಮುಕ್ಕಾಲು ಪಾಲು ಅದರಲ್ಲೇ ಅಡಗಿದೆ. ಹೇಂಟೆ ಮೊಟ್ಟೆಯಿಡಲು ಹುಂಜದ ಅಗತ್ಯ ಎಳ್ಳಷ್ಟೂ ಇಲ್ಲ. ಒಂದು ಮೊಟ್ಟೆ ಹೇಂಟೆಯ ಹೊಟ್ಟೆಯಲ್ಲಿ ರೂಪುಗೊಂಡು ಹೊರಬರಲು 24ರಿಂದ 26 ಗಂಟೆ ಬೇಕು, ಹುಂಜ ಇದ್ದರೂ ಇಲ್ಲದಿದ್ದರೂ ಆ ಕೆಲಸ ನಡೆದೇ ನಡೆಯುತ್ತದೆ. ಹುಂಜ ಬೇಕಾಗುವುದು ಮರಿ ಮಾಡಿಸುವುದಕ್ಕೆ ಮಾತ್ರ. ಅದಕ್ಕೂ ವರ್ಷವಿಡೀ ಒಂದನ್ನು ಕಟ್ಟಿಕೊಂಡಿರಬೇಕಾಗಿಲ್ಲ: ಹುಂಜವನ್ನು ಬೇರೆ ಮಾಡಿದ ಮೇಲೂ ಸುಮಾರು ಹತ್ತು ದಿನ ಹೇಂಟೆಗಳು ಕಾವಿಗೆ ಇಡಲು ಬರುವಂಥ ಮೊಟ್ಟೆಯನ್ನೇ ಇಡುತ್ತವೆಯಾದ್ದರಿಂದ, ಮರಿ ಬೇಕೆನಿಸಿದಾಗ ಹಳ್ಳಿಯ ನೆಂಟರ ಮನೆಯಿಂದ ಒಂದು ವಾರದ ಮಟ್ಟಿಗೆ ಹುಂಜವನ್ನು ತಂದು ಬಿಟ್ಟುಕೊಂಡರೆ ಸಾಕು. ಇಲ್ಲವೇ ಊರಿಂದ ಹತ್ತು-ಹನ್ನೆರಡು ಮೊಟ್ಟೆ ತಂದು ಕಾವಿಗೆ ಕೂತ ನಾಟಿ ಹೇಂಟೆಯ ಕೆಳಗಿಟ್ಟರೆ 21ನೆಯ ದಿನಕ್ಕೆ ಮರಿ ಹೊರಬರುತ್ತದೆ.

ಇನ್ನು ನಾಲ್ಕು ಗಂಟೆಯ ಕೂಗು. ಬೆಳಕು ಕಂಡು ಕೋಳಿ ಕೂಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ, ಅದು ಅರ್ಧ ನಿಜ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಹಗಲಿರುಳಿನ ವ್ಯತ್ಯಾಸವೇ ತಿಳಿಯದಂತೆ ಸದಾ ಮಬ್ಬು ಬೆಳಕಿನಲ್ಲಿಟ್ಟ ಹುಂಜಗಳೂ ದಿನಕ್ಕೊಮ್ಮೆ ತಮ್ಮ ಹೊತ್ತಿಗೆ ಸರಿಯಾಗಿ ಕೂಗಿದವು. ಅಂದರೆ ಹುಂಜದ ಮೈಯೊಳಗೇ ಒಂದು ಗಡಿಯಾರವಿದೆ, ಬೆಳಕು ಹರಿಯುವುದಕ್ಕೆ ಎರಡು ಗಂಟೆಯಷ್ಟು ಮೊದಲೇ ಅದು ಬಾರಿಸುತ್ತದೆ. ಹೊರಗಿನ ಬೆಳಕು, ಬೇರೆ ಹುಂಜದ ಕೂಗು ಇವೆರಡೂ ಆ ಕೂಗನ್ನು ಇನ್ನಷ್ಟು ಕೆರಳಿಸುತ್ತವೆ. ಅದೇ ವಿಜ್ಞಾನಿಗಳು 2015ರಲ್ಲಿ ತೋರಿಸಿಕೊಟ್ಟ ಇನ್ನೊಂದು ಸಂಗತಿ ನಿಮಗೆ ತೀರ ಹತ್ತಿರದ್ದು: ಗುಂಪಿನ ಯಜಮಾನ ಹುಂಜವೇ ಮೊದಲು ಕೂಗುತ್ತದೆ, ಉಳಿದವು ತಮ್ಮ ತಮ್ಮ ದರ್ಜೆಯ ಪ್ರಕಾರ ಆಮೇಲೆ ಕೂಗುತ್ತವೆ, ಯಜಮಾನನನ್ನು ತೆಗೆದರೆ ಎರಡನೆಯದು ಆ ಪಟ್ಟಕ್ಕೇರುತ್ತದೆ. ಆದ್ದರಿಂದ ದೊಡ್ಡ ಹುಂಜವನ್ನು ಸಾಗಹಾಕಿ ಚಿಕ್ಕದನ್ನು ಉಳಿಸಿಕೊಂಡರೆ ನಾಲ್ಕು ಗಂಟೆಯ ಕೂಗು ತಪ್ಪುವುದಿಲ್ಲ, ಕೂಗುವ ಗಂಟಲು ಬದಲಾಗುತ್ತದೆ ಅಷ್ಟೆ.

ಹಾಗಾದರೆ ಮಾಡಬೇಕಾದದ್ದೇನು? ಯಾರ ಹರಕೆಗೂ ಹಬ್ಬಕ್ಕೂ ಮೀಸಲಾಗಿರದ ಚಿಕ್ಕ ಹುಂಜವನ್ನು ಈ ವಾರವೇ ಕೊಟ್ಟುಬಿಡಿ, ಒಂದು ಇನ್ನೊಂದಕ್ಕೆ ಮಾರುತ್ತರ ಕೊಡುವ ಗಲಾಟೆ ಅಲ್ಲಿಗೆ ನಿಲ್ಲುತ್ತದೆ. ದೊಡ್ಡದನ್ನು ರಾತ್ರಿಯ ಹೊತ್ತು ಕತ್ತಲೆಯ ಪೆಟ್ಟಿಗೆಯಲ್ಲಿ ಮಲಗಿಸಿ. ಎರಡೂವರೆ ಅಡಿ ಉದ್ದ, ಎರಡಡಿ ಅಗಲದ ದಪ್ಪ ಹಲಗೆಯ ಪೆಟ್ಟಿಗೆಯಾಗಲಿ. ಹುಂಜ ನೆಟ್ಟಗೆ ನಿಂತಾಗ ಜುಟ್ಟಿನ ಮೇಲೆ ನಾಲ್ಕು ಬೆರಳಷ್ಟು ಜಾಗ ಉಳಿಯಲಿ, ಅದಕ್ಕಿಂತ ಹೆಚ್ಚು ಬೇಡ. ಹುಂಜ ಕೂಗುವುದನ್ನು ಒಮ್ಮೆ ಹತ್ತಿರದಿಂದ ಗಮನಿಸಿ: ಮೊದಲು ರೆಕ್ಕೆಯನ್ನು ಎರಡು ಮೂರು ಸಲ ಪಟಪಟನೆ ಬಡಿದು, ಎದೆಯುಬ್ಬಿಸಿ, ಆಮೇಲೆ ಕತ್ತನ್ನು ಮೇಲಕ್ಕೂ ಮುಂದಕ್ಕೂ ಚಾಚಿ ಕೂಗುತ್ತದೆ. ಹಾಗೆ ಚಾಚಲು ಎಡೆಯಿಲ್ಲದಾಗ ಎಷ್ಟೋ ಹುಂಜಗಳು ಕೂಗುವ ಗೋಜಿಗೇ ಹೋಗುವುದಿಲ್ಲ, ಕೂಗಿದರೂ ದನಿ ಗಿಡ್ಡವಾಗಿರುತ್ತದೆ. ಗಾಳಿಗೆಂದು ಎರಡು ಬದಿಯಲ್ಲಿ ತೂತು ಕೊರೆದು, ಗಾಳಿ ಸುತ್ತಿಕೊಂಡು ಒಳಹೋಗುವಂತೆ ಅವುಗಳ ಮುಂದೆ ಎರಡಿಂಚು ಬಿಟ್ಟು ಒಂದೊಂದು ಹಲಗೆ ಹೊಡೆಯಿರಿ. ಗಾಳಿ ಹೋಗುತ್ತದೆ, ಬೆಳಕು ಹೋಗುವುದಿಲ್ಲ. ತೂತುಗಳು ನಿಮ್ಮ ಮನೆಯ ಗೋಡೆಯ ಕಡೆಗಿರಲಿ, ಪಕ್ಕದ ಮನೆಯ ಕಿಟಕಿಯ ಕಡೆಗೆ ಬೇಡ. ಸದ್ದು ಹೀರಲೆಂದು ಪೆಟ್ಟಿಗೆಯ ಒಳಗೆ ಗೋಣಿಚೀಲ ಹೊಡೆಯುವವರಿದ್ದಾರೆ, ಅದು ಹೇನು-ಉಣ್ಣೆಗಳಿಗೆ ನಾವೇ ಕಟ್ಟಿಕೊಟ್ಟ ಛತ್ರವಾಗುತ್ತದೆ. ಗೋಣಿಯನ್ನು ಹೊರಗಿನಿಂದ ಹೊದಿಸಿ. ಕತ್ತಲಾದ ಮೇಲೆ ಕೋಳಿಗೆ ಕಣ್ಣು ಸರಿಯಾಗಿ ಕಾಣದು, ಆಗ ಎರಡು ರೆಕ್ಕೆಯನ್ನೂ ಮೈಗೊತ್ತಿ ಹಿಡಿದೆತ್ತಿದರೆ ಪಿಟಕ್ಕೆನ್ನದೆ ಕೈಗೆ ಬರುತ್ತದೆ. ಬೆಳಿಗ್ಗೆ ಆರು ಗಂಟೆಯಾದ ಮೇಲೆ ತಪ್ಪದೆ ಬಿಡಬೇಕು. ಹಗಲೆಲ್ಲ ಅದರಲ್ಲೇ ಕೂಡಿಹಾಕಿದರೆ ಅದು ಹಿಂಸೆ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಅದನ್ನು ಒಪ್ಪುವುದಿಲ್ಲ. ಮೈಯೊಳಗಿನ ಗಡಿಯಾರವನ್ನು ಯಾವ ಪೆಟ್ಟಿಗೆಯೂ ನಿಲ್ಲಿಸಲಾರದು ಎಂಬುದನ್ನೂ ನೆನಪಿಡಿ. ಕೂಗು ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಕೊರಳ ಪಟ್ಟಿ ಬೇಡವೇ ಬೇಡ. ಕೂಗಲು ಬೇಕಾದ ಗಾಳಿಯನ್ನು ತಡೆಯುವುದೇ ಅದರ ಕೆಲಸ. ಸಡಿಲವಾದರೆ ಪ್ರಯೋಜನವಿಲ್ಲ, ಬಿಗಿಯಾದರೆ ಉಸಿರಿಗೆ ಕುತ್ತು. ನುಂಗಿದ ಕಾಳು ತುಂಬಿ ಕೊರಳಚೀಲ ಉಬ್ಬಿದಾಗ ಬೆಳಿಗ್ಗೆ ಸರಿಯಿದ್ದ ಪಟ್ಟಿ ಸಂಜೆಗೆ ಬಿಗಿಯಾಗಿರುತ್ತದೆ, ಕೊಕ್ಕಿನ ಕೆಳದವಡೆ ಅದರಲ್ಲಿ ಸಿಕ್ಕಿಹಾಕಿಕೊಳ್ಳುವುದೂ ಉಂಟು.

ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಯುಗಾದಿಯೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬರುತ್ತವೆ. ಪರೀಕ್ಷೆಯ ದಿನಗಳಲ್ಲಿ ಆ ಹುಂಜ ನಿಮ್ಮ ಅತ್ತೆಯವರ ತವರಿನಲ್ಲೋ ಇನ್ನಾರದೋ ತೋಟದಲ್ಲೋ ಇರಲಿ. ಹೊಸತೊಡಕಿನ ಹಿಂದಿನ ಸಂಜೆ ತಂದರೆ ಅವರ ಮಾತಿಗೂ ಭಂಗವಿಲ್ಲ. ಆ ತಾಯಿ ಮೂರನೆಯ ಸಲ ಬರುವ ಮೊದಲು ನೀವೇ ಹೋಗಿ ಈ ಏರ್ಪಾಡನ್ನು ಹೇಳಿ ಬನ್ನಿ. ನಾಲ್ಕು ಮೊಟ್ಟೆ ತೆಗೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನಾನು ರಾತ್ರಿ ಪಾಳಿಯ ಕೆಲಸ ಮುಗಿಸಿ ಎರಡು ಗಂಟೆಗೆ ಮನೆಗೆ ಬರುತ್ತೇನೆ. ಕಣ್ಣು ಹತ್ತುವಷ್ಟರಲ್ಲಿ ಪಕ್ಕದ ಮನೆಯ ಮೂರು ಹುಂಜಗಳು ಕೂಗುತ್ತವೆ. ಹೇಳಿದರೆ, 'ಕೋಳಿ ಕೂಗದೆ ಇನ್ನೇನು ವೇದ ಓದುತ್ತದೆಯೇ?' ಎಂದು ನಗುತ್ತಾರೆ. ಕಾನೂನಿನಲ್ಲಿ ದಾರಿಯಿದೆಯೇ?
– ಹೆಸರು ಬೇಡ, ಚಿಕ್ಕಮಗಳೂರು

ಉತ್ತರ: ಇದೆ, ಆದರೆ ನೀವು ಅಂದುಕೊಂಡಷ್ಟು ನೇರವಾದ ದಾರಿಯಲ್ಲ. 2000ನೆಯ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮೀರಬಾರದು. ರಾತ್ರಿಯೆಂದರೆ ಹತ್ತರಿಂದ ಬೆಳಿಗ್ಗೆ ಆರರವರೆಗೆ. ಹುಂಜದ ಕೂಗು ಅದರ ಹತ್ತಿರದಲ್ಲಿ 100 ಡೆಸಿಬೆಲ್ ದಾಟುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸದ್ದು 6 ಡೆಸಿಬೆಲ್‌ನಷ್ಟು ಇಳಿಯುತ್ತದೆ, ಅಂದರೆ ಒಂದು ಮೀಟರಿನಲ್ಲಿ 100 ಇದ್ದದ್ದು 16 ಮೀಟರ್ ಆಚೆಯ ನಿಮ್ಮ ಕಿಟಕಿಯ ಬಳಿಗೆ ಬರುವಾಗಲೂ 76 ಆಗಿರುತ್ತದೆ. ಆದರೆ ನಿಯಮದ ಮಿತಿಯನ್ನು ಹೊತ್ತಿನುದ್ದಕ್ಕೂ ಅಳೆದು ತೆಗೆದ ಸರಾಸರಿಗೆ ಹೋಲಿಸುತ್ತಾರೆ, ಎರಡು ಸೆಕೆಂಡಿನ ಕೂಗಿಗಲ್ಲ. ಹೀಗಾಗಿ ಬರೀ ಅಳತೆಯ ಬಲದಿಂದ ಗೆಲ್ಲುವುದು ಕಷ್ಟ. ಭಾರತೀಯ ನ್ಯಾಯ ಸಂಹಿತೆಯ 270ನೆಯ ಕಲಮು ಸಾರ್ವಜನಿಕ ಉಪದ್ರವದ ಬಗ್ಗೆ ಹೇಳುತ್ತದೆ. ಅಲ್ಲಿಯೂ ತೊಂದರೆ ನಿಮ್ಮೊಬ್ಬರದಲ್ಲ, ಸುತ್ತಲ ಹಲವರದು ಎಂದು ತೋರಿಸಬೇಕಾಗುತ್ತದೆ.

ಫ್ರಾನ್ಸಿನಲ್ಲಿ 2019ರಲ್ಲಿ ಮೋರಿಸ್ ಎಂಬ ಹುಂಜದ ಮೇಲೆ ನೆರೆಯವರು ನ್ಯಾಯಾಲಯಕ್ಕೆ ಹೋಗಿ ಸೋತರು. 2021ರ ಜನವರಿಯಲ್ಲಿ ಆ ದೇಶ ಹಳ್ಳಿಗಾಡಿನ ಸದ್ದು, ವಾಸನೆಗಳನ್ನು ಕಾಪಾಡಲು ಕಾನೂನನ್ನೇ ಮಾಡಿತು. ನಿಮ್ಮ ನೆರೆಯವರು ಈ ಕತೆಯನ್ನು ಎತ್ತಿದರೆ, ಅದು ಹಳ್ಳಿಯ ಮಾತು, ಗೋಡೆಗೆ ಗೋಡೆ ತಾಗಿದ ಪೇಟೆಯ ಬೀದಿಯದಲ್ಲ ಎಂದು ಹೇಳಿ.

ನನ್ನ ಅಭಿಪ್ರಾಯ ಕೇಳಿದರೆ, 'ಕೋಳಿ ತೆಗೆಯಿರಿ' ಎಂದು ಹೇಳುವ ಬದಲು 'ಮೂರರಲ್ಲಿ ಎರಡನ್ನು ಕೊಟ್ಟು, ಉಳಿದದ್ದನ್ನು ಆರರವರೆಗೆ ಕತ್ತಲಲ್ಲಿ ಇಡಿ' ಎಂದು ಕೇಳಿ ನೋಡಿ. ಮೇಲಿನ ಉತ್ತರವನ್ನು ಅವರಿಗೆ ತೋರಿಸಬಹುದು. ಎಂಟು-ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಮೂರಿದ್ದರೆ ಹೇಂಟೆಗಳ ಬೆನ್ನಿನ ಪುಕ್ಕ ಕಿತ್ತುಹೋಗಿರುತ್ತದೆ. ಆ ಬೋಳು ಬೆನ್ನನ್ನು ತೋರಿಸಿ ಮಾತು ಶುರುಮಾಡಿದರೆ ಅದು ದೂರಿನಂತೆ ಕೇಳಿಸುವುದಿಲ್ಲ. ಅದಕ್ಕೂ ಬಗ್ಗದಿದ್ದರೆ, ಹದಿನೈದು ದಿನ ಕೂಗಿದ ಹೊತ್ತನ್ನು ಬರೆದಿಟ್ಟುಕೊಂಡು, ಬೀದಿಯ ಇನ್ನಿಬ್ಬರು ಮೂವರ ಸಹಿಯೊಡನೆ ನಗರಸಭೆಗೆ ಲಿಖಿತ ದೂರು ಕೊಡಿ.

ಪ್ರಶ್ನೆ: ಮೂಡಿಗೆರೆಯ ಕಡೆ ನಮ್ಮದು ಸಣ್ಣ ಕಾಫಿ ತೋಟ. ಮನೆಯ ಹತ್ತಿರ ಹದಿನೈದು ಕೋಳಿಗಳಿವೆ, ಅರ್ಧ ನಾಟಿ, ಅರ್ಧ ಗಿರಿರಾಜ. ಮಳೆ ಹಿಡಿದರೆ ಮೊಟ್ಟೆ ನಿಂತೇ ಹೋಗುತ್ತದೆ. ಹೋದ ಮಳೆಗಾಲದಲ್ಲಿ ತಿಂಗಳ ಮರಿಗಳು ರಕ್ತ ಕಲೆತ ಹಿಕ್ಕೆ ಹಾಕಿ ಒಂದೊಂದಾಗಿ ಸತ್ತವು. ಮುಂಗಾರಿಗೆ ಮೊದಲು ಏನೇನು ಮಾಡಿಕೊಳ್ಳಬೇಕು?
– ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ಮಲೆನಾಡಿನಲ್ಲಿ ಕೋಳಿಯನ್ನು ಕೊಲ್ಲುವುದು ಚಳಿಗಿಂತ ಹೆಚ್ಚಾಗಿ ಕಾಲಡಿಯ ಒದ್ದೆ. ನಿಮ್ಮ ಮರಿಗಳಿಗೆ ಬಂದದ್ದು ರಕ್ತಭೇದಿ, ವೈದ್ಯರು ಕಾಕ್ಸಿಡಿಯೋಸಿಸ್ ಎನ್ನುತ್ತಾರೆ. ಅದರ ರೋಗಾಣು ಹಿಕ್ಕೆಯಲ್ಲಿ ಹೊರಬಂದು, ಒದ್ದೆಯಾದ ಬೆಚ್ಚನೆಯ ಹಾಸಿನಲ್ಲಿ ಒಂದೆರಡು ದಿನದಲ್ಲೇ ಬಲಿತು, ಕೆದಕಿ ತಿನ್ನುವ ಮರಿಯ ಹೊಟ್ಟೆಗೆ ಮತ್ತೆ ಸೇರುತ್ತದೆ. ಮೂರರಿಂದ ಎಂಟು ವಾರದ ಮರಿಗಳಿಗೆ ಅಪಾಯ ಹೆಚ್ಚು. ಮರಿ ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ, ಮೈ ಉಬ್ಬಿಸಿಕೊಂಡು ಮೂಲೆಯಲ್ಲಿ ನಿಂತಿತೆಂದರೆ ರಕ್ತ ಕಾಣುವವರೆಗೆ ಕಾಯಬೇಡಿ. ನೀರಿನಲ್ಲಿ ಬೆರೆಸಿ ಕೊಡುವ ಆಂಪ್ರೋಲಿಯಂ ಎಂಬ ಔಷಧ ಸಿಗುತ್ತದೆ, ಪ್ರಮಾಣವನ್ನು ಪಶುವೈದ್ಯರಿಂದ ಕೇಳಿ ಅಂದೇ ಶುರುಮಾಡಿ. 1962ಕ್ಕೆ ಕರೆ ಮಾಡಿದರೆ ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನದ ನೆರವು ಕೇಳಬಹುದು.

ಔಷಧಕ್ಕಿಂತ ಗೂಡು ಮುಖ್ಯ. ನಿಮ್ಮಲ್ಲಿ ಅಡಿಕೆ ಮರವಿದ್ದರೆ ಖರ್ಚೇ ಇಲ್ಲ: ನೆಲದಿಂದ ಎರಡಡಿ ಎತ್ತರಕ್ಕೆ ಕಂಬ ಕೊಟ್ಟು, ಅಡಿಕೆ ದಬ್ಬೆಯನ್ನು ಬೆರಳು ತೂರುವಷ್ಟು ಸಂದು ಬಿಟ್ಟು ಹಾಸಿದರೆ ಹಿಕ್ಕೆ ಕೆಳಗೆ ಬೀಳುತ್ತದೆ, ಕೋಳಿ ಮೇಲೆ ಒಣಗಿರುತ್ತದೆ. ಸಂದು ಹೆಚ್ಚಾದರೆ ಮರಿಯ ಕಾಲು ಸಿಕ್ಕುತ್ತದೆ, ಮರಿಗಳಿರುವಷ್ಟು ದಿನ ಮೇಲೊಂದು ಚಾಪೆ ಹಾಕಿ. ನೆಲದ ಗೂಡೇ ಆಗಬೇಕೆಂದಿದ್ದರೆ ಮೂರು ಇಂಚು ಒಣ ಭತ್ತದ ಹೊಟ್ಟು ಹಾಸಿ, ವಾರಕ್ಕೆರಡು ಸಲ ಕೆದಕಿ ತಿರುವಿ, ಒದ್ದೆ ಕಂಡಲ್ಲಿ ತೆಗೆದು ಸುಣ್ಣದ ಪುಡಿ ಎರಚಿ. ಒಂದು ಹಿಡಿ ಹೊಟ್ಟನ್ನು ಅಂಗೈಯಲ್ಲಿ ಅಮುಕಿ ಬಿಡಿ. ಉದುರಿಹೋದರೆ ಸರಿ, ಉಂಡೆಯಾಗಿ ನಿಂತರೆ ಬದಲಿಸಲೇಬೇಕು. ಹಾಗೆಯೇ ಕೋಳಿಯ ಮಟ್ಟಕ್ಕೆ ಬಗ್ಗಿ ಉಸಿರೆಳೆದು ನೋಡಿ. ಕಣ್ಣು ಉರಿದರೆ ಗೂಡಿಗೆ ಗಾಳಿ ಸಾಲದು. ಪಲ್ಪರಿನಿಂದ ಬಂದ ಹಸಿ ಕಾಫಿ ಸಿಪ್ಪೆಯನ್ನು ಹಾಸಿಗೆ ಬಳಸಬೇಡಿ, ಅದು ಹುದುಗಿ ಒದ್ದೆಯನ್ನೇ ಹೆಚ್ಚಿಸುತ್ತದೆ.

ಮೊಟ್ಟೆ ನಿಲ್ಲುವುದಕ್ಕೆ ಹಲವು ಕಾರಣಗಳು ಒಟ್ಟಿಗೆ ಸೇರುತ್ತವೆ. ಮಳೆಯಲ್ಲಿ ಕೋಳಿ ಹೊರಗೆ ಕೆದಕಲು ಹೋಗದು, ಹುಳ-ಹುಪ್ಪಟೆ, ಸೊಪ್ಪು ಸಿಗದು. ಹಾಕಿದ ಹಿಡಿ ಅಕ್ಕಿನುಚ್ಚಿನಲ್ಲಿ ಮೊಟ್ಟೆ ಕಟ್ಟುವಷ್ಟು ಸತ್ವವಿಲ್ಲ. ದೊಡ್ಡ ಕೋಳಿಗೆ ದಿನಕ್ಕೆ 110-120 ಗ್ರಾಂ ಆಹಾರ ಬೇಕು, ಹೊರಗೆ ಮೇಯದ ದಿನಗಳಲ್ಲಿ ಅದರ ಬಹುಪಾಲು ಮೊಟ್ಟೆಕೋಳಿಯ ಸಿದ್ಧ ಆಹಾರವಾಗಿರಲಿ, ಜೊತೆಗೆ ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿರಲಿ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಜೋಳ, ಕಡಲೆಕಾಯಿ ಹಿಂಡಿಯನ್ನು 'ಕೋಳಿಗಾದರೂ ಆಗಲಿ' ಎಂದು ಹಾಕುವ ರೂಢಿ ನಮ್ಮಲ್ಲಿದೆ. ಆ ಬೂಷ್ಟಿನಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ ಕೋಳಿಯ ಪಿತ್ತಜನಕಾಂಗವನ್ನು, ಅಂದರೆ ಈಲಿಯನ್ನು, ಕೆಡಿಸುತ್ತದೆ. ಗೊಬ್ಬರದ ಗುಂಡಿಗೆ ಹಾಕಿ. ಇನ್ನು, ಚೆನ್ನಾಗಿ ಮೊಟ್ಟೆಯಿಡಲು ಕೋಳಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು, ನಮ್ಮ ಕಡೆಯ ಅತಿ ದೀರ್ಘ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಸಂಜೆ ಎರಡು ಗಂಟೆ ಗೂಡಿನಲ್ಲಿ ಒಂದು ಸಣ್ಣ ಬಲ್ಬು ಉರಿಸಬಹುದು. ಬೆಳಗಿನ ಜಾವ ಮಾತ್ರ ಉರಿಸಬೇಡಿ, ಹುಂಜವಿದ್ದರೆ ಮೂರಕ್ಕೇ ಕೂಗಿಸಿದಂತಾಗುತ್ತದೆ.

ತೋಟದವರಿಗೆಂದೇ ಇನ್ನೊಂದು ಮಾತು. ಮಳೆಗೆ ಮುಂಚೆ ಬೋರ್ಡೋ ದ್ರಾವಣ ಹೊಡೆಯುತ್ತೀರಲ್ಲ, ಮೈಲುತುತ್ತ ಕಲಸಿದ ಜಾಗದ ಗುಂಡಿಯಲ್ಲಿ ನಿಂತ ನೀಲಿ ನೀರನ್ನು ಕೋಳಿ ಕುಡಿಯುತ್ತದೆ. ಆ ಗುಂಡಿಗೆ ಮಣ್ಣೆಳೆಯಿರಿ, ಸಿಂಪಡಿಸಿದ ಕಡೆಗೆ ಕೆಲವು ದಿನ ಕೋಳಿ ಬಿಡಬೇಡಿ.

ರಾಣಿಖೇತ್ ಎಂಬ ಕೋಳಿರೋಗಕ್ಕೆ ಲಸಿಕೆ ಹಾಕಿಸಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಹಸಿರು ಬಿಳಿ ಹಿಕ್ಕೆ, ಕತ್ತು ತಿರುಚುವುದು, ಬಾಯಿ ತೆರೆದು ಉಸಿರಾಡುವುದು ಆ ರೋಗದ ಲಕ್ಷಣ. ಬಂದ ಮೇಲೆ ಮದ್ದಿಲ್ಲ. ಮರಿಗೆ 5-7ನೆಯ ದಿನ ಲಸೋಟಾ ಲಸಿಕೆಯ ಒಂದು ಹನಿಯನ್ನು ಕಣ್ಣಿಗೋ ಮೂಗಿಗೋ ಬಿಡಬೇಕು, ನಾಲ್ಕು ವಾರದ ಹೊತ್ತಿಗೆ ಇನ್ನೊಮ್ಮೆ, ಎಂಟು ವಾರ ದಾಟಿದ ಮೇಲೆ ಅದೇ ರೋಗದ ಆರ್‌ಟುಬಿ ಎಂಬ ಲಸಿಕೆಯ ಚುಚ್ಚುಮದ್ದು. ಒಂದು ಸೀಸೆಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಡೋಸು ಇರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಹದಿನೈದು ಕೋಳಿಗೆಂದು ಸೀಸೆ ತರುವ ಬದಲು ಅಕ್ಕಪಕ್ಕದ ನಾಲ್ಕು ಮನೆಯವರು ಒಂದೇ ದಿನ ಗೊತ್ತುಮಾಡಿಕೊಂಡು, ಐಸಿನ ಡಬ್ಬದಲ್ಲಿ ತಂದು ಎಲ್ಲರ ಕೋಳಿಗೂ ಹಾಕಿಸಿ.

ಪ್ರಶ್ನೆ: ನಮ್ಮ ಹುಂಜ ಮೂರು ವರ್ಷದ ಮೊಮ್ಮಗನ ಮೇಲೆ ಎರಗುತ್ತದೆ. ಹೊಡೆದರೆ ಇನ್ನೂ ಹೆಚ್ಚು.
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಹೊಡೆದರೆ ಅದು ಕಾಳಗವೆಂದೇ ತಿಳಿಯುತ್ತದೆ. ದೊಡ್ಡವರ ಮೇಲೆ ಎರಗುವ ಹುಂಜವನ್ನು ಹಿಡಿದು ಕಂಕುಳಲ್ಲಿ ಹತ್ತು ನಿಮಿಷ ಅವುಚಿಕೊಂಡಿದ್ದು ಬಿಟ್ಟರೆ ಕೆಲವೊಮ್ಮೆ ತಗ್ಗುತ್ತದೆ. ಮಗುವಿನ ವಿಷಯದಲ್ಲಿ ಇಂಥ ಪ್ರಯೋಗ ಬೇಡ, ಹುಂಜದ ಕಾಲಿನ ಮುಳ್ಳು ಮಗುವಿನ ಕಣ್ಣಿನ ಎತ್ತರಕ್ಕೇ ಬರುತ್ತದೆ. ಆ ಹುಂಜವನ್ನು ಇಂದೇ ಕಳುಹಿಸಿ.

ಪ್ರಶ್ನೆ: ಹುಂಜವನ್ನು ಮಾರಿದ ಎರಡು ತಿಂಗಳಿಗೆ ನಮ್ಮ ಹಳೆಯ ಹೇಂಟೆ ಹುಂಜದಂತೆ ಕೂಗತೊಡಗಿದೆ. ಮನೆಗೆ ಕೇಡೆಂದು ಹಿರಿಯರು ಹೆದರಿದ್ದಾರೆ.
– ಓದುಗರೊಬ್ಬರು, ಬೇಲೂರು

ಉತ್ತರ: ಕೇಡೇನೂ ಇಲ್ಲ. ಹುಂಜವಿಲ್ಲದ ಗುಂಪಿನಲ್ಲಿ ಯಜಮಾನಿಕೆ ವಹಿಸಿದ ಹೇಂಟೆ ಹೀಗೆ ಕೂಗುವುದುಂಟು. ಹೇಂಟೆಗೆ ಕೆಲಸ ಮಾಡುವುದು ಎಡಗಡೆಯ ಅಂಡಾಶಯವೊಂದೇ. ಮುಪ್ಪಿನಿಂದಲೋ ಕಾಯಿಲೆಯಿಂದಲೋ ಅದು ಕೆಟ್ಟರೆ ಬಲಗಡೆ ಸುಪ್ತವಾಗಿದ್ದ ಅಂಗ ಗಂಡಿನ ಲಕ್ಷಣದ ರಸವನ್ನು ಸ್ರವಿಸತೊಡಗುತ್ತದೆ, ಆಗ ಜುಟ್ಟು ಬೆಳೆದು ಕೂಗೂ ಬರುತ್ತದೆ. ಇನ್ನೂ ಮೊಟ್ಟೆಯಿಡುತ್ತಿದೆಯೇ ಎಂದು ಒಂದು ವಾರ ಬೇರೆ ಕೂಡಿ ನೋಡಿ. ಇಡುತ್ತಿದ್ದರೆ ಅದು ಬರೀ ಯಜಮಾನಿಕೆ, ಇನ್ನೊಂದು ಹುಂಜ ಬಂದ ದಿನ ಬಾಯಿ ಮುಚ್ಚುತ್ತದೆ. ಹೇಂಟೆಯ ಕೂಗು ಹುಂಜದಷ್ಟು ಜೋರಾಗಿಯೂ ಇರುವುದಿಲ್ಲ, ಪಕ್ಕದ ಮನೆಯವರು ದೂರು ತರುವವರೆಗೆ ಇರಲಿ ಬಿಡಿ.